ಅಮಾವಾಸ್ಯೆಗೊಮ್ಮೆ ಬರುತ್ತಿದ್ದ ಉಸಿರು

ಗ್ಯಾಸ್ ಸಿಲಿಂಡರ್ ಸಿಡಿಯಬಹುದಿತ್ತು. ಆಸಿಡ್ ಬಾಟಲಿ ಉರುಳಿ ಪಾದದ ಮೇಲೆ ಸುರಿಯಬಹುದಿತ್ತು. ಕಪಿಲೆ ಉಕ್ಕಿ ನಮ್ಮ ಬೀದಿಗೆ ನುಗ್ಗಿ, ತಿಜೋರಿಯನ್ನು ಎತ್ತಿಕೊಂಡು ಹೋಗಿ ಟಿ. ನರಸೀಪುರದ ಸಂಗಮದಲ್ಲಿ ಇಳಿಸಬಹುದಿತ್ತು. ಗಿರಾಕಿಯ ಅಜ್ಜಿಯ ಕಾಲದ ಬುಗುಡಿ ನನ್ನ ಕೈಯಲ್ಲಿ ಕರಗಿ ಗುಂಡಾಗಬಹುದಿತ್ತು. ಕದ್ದ ಮಾಲು ಕರಗಿಸಿದವನೆಂದು ಪೊಲೀಸರು ನನ್ನನ್ನು ಜೀಪು ಹತ್ತಿಸಬಹುದಿತ್ತು, ಬೀದಿಯವರೆಲ್ಲ ಜಗುಲಿಗೆ ಬಂದು ನಿಂತು ನೋಡಬಹುದಿತ್ತು. ಪಕ್ಕದ ಬೋಂಡಾ ಅಂಗಡಿಯ ಬಾಣಲೆಗೆ ಬೆಂಕಿ ಹತ್ತಿ ನಮ್ಮ ಸೂರಿಗೂ ಹಬ್ಬಬಹುದಿತ್ತು. ಸಕ್ಕರೆ ಕಾಯಿಲೆ ಬರಬಹುದಿತ್ತು, ಹೃದಯ ನಿಲ್ಲಬಹುದಿತ್ತು, ಅದು ನಿಂತ ಹೊತ್ತಿಗೆ ಸರಿಯಾಗಿ ಫೋನಿನ ಚಾರ್ಜು ಮುಗಿದಿರಬಹುದಿತ್ತು.

ಇದು ಈಗ ಕೂತು ಯೋಚಿಸಿ ಬರೆದ ಪಟ್ಟಿಯಲ್ಲ. ನಂಜನಗೂಡಿನ ಒಂದು ಓಣಿಯಲ್ಲಿರುವ ನನ್ನ ಚಿನ್ನದ ಕೆಲಸದ ಕೋಣೆಯ ಬೀಗವನ್ನು ಬೆಳಿಗ್ಗೆ ತೆಗೆಯುವಾಗ, ಇಪ್ಪತ್ತೆಂಟು ವರ್ಷದಿಂದ ದಿನಾ ತಲೆಯಲ್ಲಿ ಓಡುವ ಪಟ್ಟಿ. ಪ್ರತಿಯೊಂದಕ್ಕೂ ನನ್ನ ಬಳಿ ಮದ್ದಿತ್ತು. ಸಿಲಿಂಡರ್ ಪಕ್ಕ ಮರಳಿನ ಬಕೆಟ್ಟು. ಆಸಿಡ್ ಬಾಟಲಿಗೆ ಹಾಲಿನ ಕ್ರೇಟು. ಗೋಡೆಗೆ ಬೆಂಕಿ ಆರಿಸುವ ಕೆಂಪು ಡಬ್ಬ, ಅದರ ಮುಳ್ಳು ಹಸಿರಿನಲ್ಲಿದೆಯೇ ಎಂದು ದಿನಕ್ಕೆ ಎರಡು ಸಲ ನೋಡುವ ಅಭ್ಯಾಸ. ಇಷ್ಟೆಲ್ಲ ಮಾಡಿಕೊಂಡವನಿಗೆ ಉಸಿರಿನ ಕಾಯಿಲೆ ಹೇಗೆ ಬಂತು ಎಂಬುದನ್ನು ಬರೆ, ನಾಲ್ಕು ಜನಕ್ಕೆ ಧೈರ್ಯ ಬರುತ್ತದೆ ಎಂದವಳು ನನ್ನ ಹೆಂಡತಿ ಶಾರದೆ. ಧೈರ್ಯ ಬರುತ್ತದೋ ಇಲ್ಲವೋ ಗೊತ್ತಿಲ್ಲ. ನಮಗಿಂತ ದಡ್ಡನೊಬ್ಬ ಇದ್ದಾನೆ ಎಂಬ ಸಮಾಧಾನವಂತೂ ಖಂಡಿತ ಸಿಗುತ್ತದೆ.

ಮೊದಲು ಕೋಣೆಯ ವಿಷಯ ಹೇಳಬೇಕು. ಹತ್ತಡಿ ಉದ್ದ, ಎಂಟಡಿ ಅಗಲ. ಕೆಲಸಕ್ಕೆ ಇಬ್ಬರು: ನಾನು, ನನ್ನ ದೊಡ್ಡಪ್ಪನ ಮಗ ಕಾಳಣ್ಣ. ಕಾಳಣ್ಣನಿಗೆ ಅರವತ್ತು ದಾಟಿದೆ, ಬಾಗಿಲ ಪಕ್ಕ ಅವನ ಜಾಗ. ಹೊಸ ಒಡವೆಗಳೆಲ್ಲ ಈಗ ಎಲ್ಲೆಲ್ಲೋ ಮಿಷಿನ್ನಿನಲ್ಲಿ ತಯಾರಾಗಿ ಗಾಜಿನ ಅಂಗಡಿಗಳಿಗೆ ಬಂದು ಕೂರುತ್ತವೆ. ನಮಗೆ ಉಳಿದಿರುವುದು ರಿಪೇರಿ. ಮುರಿದ ಕೊಂಡಿ, ಕಿತ್ತ ಕಾಸು, ಸವೆದ ತಾಳಿಬೊಟ್ಟು. ಹಳೆಯ ಬೆಸುಗೆಯನ್ನು ಕಾಯಿಸಿ ಬಿಚ್ಚಿ, ಹೊಸ ಬೆಸುಗೆ ಹಾಕಿ, ಆಸಿಡ್ಡಿನಲ್ಲಿ ಅದ್ದಿ ಬೆಳಗಿ ಕೊಡುವುದು. ಹಳೆಯ ಬೆಸುಗೆಯಲ್ಲಿ ಯಾವ ಪುಣ್ಯಾತ್ಮ ಏನೇನು ಬೆರೆಸಿದ್ದನೋ, ಕಾಯಿಸಿದಾಗ ಹಳದಿಗೋ ಕಂದಿಗೋ ತಿರುಗಿ ಹೊಗೆಯಾಗಿ ಏಳುತ್ತದೆ. ನಾಲಿಗೆಯ ಮೇಲೆ ತಾಮ್ರದ ದುಡ್ಡು ಇಟ್ಟ ಹಾಗಾಗುತ್ತದೆ.

ಕಿಟಕಿ ಒಂದಿದೆ. ಅದನ್ನು ತೆಗೆದ ನೆನಪು ನನಗಿಲ್ಲ. ಗಾಳಿ ಎಂದರೆ ಅಕ್ಕಸಾಲಿಗನಿಗೆ ಕಳ್ಳನಿಗಿಂತ ಕಡೆ. ಉರಿಯನ್ನು ಅಲುಗಿಸುತ್ತದೆ, ಅರ ಹಾಕಿದ ಚಿನ್ನದ ಪುಡಿಯನ್ನು ಹಾರಿಸಿಕೊಂಡು ಹೋಗುತ್ತದೆ. ನಾವು ನೆಲ ಗುಡಿಸಿದ ಕಸವನ್ನು ಡಬ್ಬಿಯಲ್ಲಿ ಕೂಡಿಡುವ ಜನ. ಕೈ ತೊಳೆದ ನೀರನ್ನು ಚೆಲ್ಲುವುದಿಲ್ಲ. ಕೂರುವ ಗೋಣಿಯನ್ನು ವರ್ಷಕ್ಕೊಮ್ಮೆ ಸುಟ್ಟು ಬೂದಿಯಲ್ಲಿ ಹುಡುಕುತ್ತೇವೆ. ಇಂಥವರು ಕಿಟಕಿ ತೆಗೆಯುತ್ತೇವೆಯೇ. ಹೊಗೆಯನ್ನು ನುಂಗುತ್ತೇವೆ, ನುಂಗಿದ್ದನ್ನು ಕುಲಕಸುಬು ಎನ್ನುತ್ತೇವೆ. ನಂಜು ನುಂಗಿಯೂ ಆರಾಮಾಗಿರುವ ದೇವರ ಊರಿನಲ್ಲಿ ಇದ್ದೇವೆಂಬ ಧಿಮಾಕು ಬೇರೆ.

ಫ್ಯಾನು ಹಾಕಿಸಬೇಕೆಂದು ಹಠ ಹಿಡಿದವಳು ಶಾರದೆ. ಹಾಕಿದವನು ಅವಳ ತಮ್ಮ ಮಾದೇಶ. ಟಿ. ನರಸೀಪುರದವನು, ತಾಂಡ್ಯ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಮೇಂಟೆನೆನ್ಸ್ ಕೆಲಸ. "ನಮ್ ಫ್ಯಾಕ್ಟರೀಲಿ" ಎಂಬ ಪದವಿಲ್ಲದೆ ಅವನ ಬಾಯಿಂದ ಒಂದು ವಾಕ್ಯ ಹೊರಟದ್ದನ್ನು ನಾನು ಕೇಳಿಲ್ಲ. ಹಬ್ಬಕ್ಕೆ ಬಂದರೆ ಅಡುಗೆಮನೆಯಲ್ಲಿ ನಿಂತು, ಅಕ್ಕ ಒಗ್ಗರಣೆ ಹಾಕುವ ಜಾಗ ಸರಿಯಿಲ್ಲ ಎಂದು ಸೂರು ನೋಡುವವನು. ಒಬ್ಬಟ್ಟು ತಿನ್ನುವಾಗಲೂ ಸೇಫ್ಟಿ. ನನಗೆ ಅವನನ್ನು ಕಂಡರೆ ಅಷ್ಟಕ್ಕಷ್ಟೆ.

ಹಿಂದಿನ ಗೋಡೆಯಲ್ಲಿ ತೂತು ಕೊರೆದು, ಒಂದು ಮೊಳ ಅಗಲದ ಎಕ್ಸಾಸ್ಟ್ ಫ್ಯಾನು ಕೂರಿಸಿ, ಕೈ ಒರೆಸಿಕೊಳ್ಳುತ್ತ ಹೇಳಿದ:

"ಭಾವ, ನಿಮ್ ಅಗ್ಗಿಷ್ಟಿಕೆ ಈ ಗೋಡೆಗ್ ಒತ್ಕಂಡ್ ಇರ್ಲಿ. ನೀವ್ ಗೋಡೆ ಕಡೆ ಮಖ ಮಾಡ್ಕಂಡ್ ಕೂತ್ಕಳಿ. ಒಗೆ ನಿಮ್ ಮುಂದ್ಗಡೆಯಿಂದ ಅಂಗೇ ಆಚ್ಗೋಗ್ಬೇಕು. ನಿಮ್ ಮೂಗ್ ಸವರ್ಕಂಡ್ ಓಗ್ಬಾರ್ದು. ನಮ್ ಫ್ಯಾಕ್ಟರೀಲಿ..."

"ಆಯ್ತು ಕಣಪ್ಪ," ಎಂದೆ.

ಗೋಡೆಯ ಕಡೆ ಮುಖ ಮಾಡಿ ಕೂತರೆ ಬಾಗಿಲಿಗೆ ಬೆನ್ನಾಗುತ್ತದೆ. ಬಾಗಿಲಿಗೆ ಬೆನ್ನು ಹಾಕಿ ಚಿನ್ನದ ಮುಂದೆ ಕೂರಲು ನನಗೆ ತಲೆ ಕೆಟ್ಟಿರಲಿಲ್ಲ. ಅವನ ಬೈಕು ಓಣಿ ದಾಟುತ್ತಿದ್ದಂತೆ, ಅಲ್ಲಿಯವರೆಗೆ ಬಾಗಿಲ ಹತ್ತಿರ ಕಾಳಣ್ಣನ ಎದುರಿಗೆ ಕೂರುತ್ತಿದ್ದ ನಾನು ಅಗ್ಗಿಷ್ಟಿಕೆಯನ್ನು ಈಚೆಗೆ ಎಳೆದು, ಫ್ಯಾನಿನ ಕೆಳಗೆ ಗೋಡೆಗೆ ಬೆನ್ನು ಕೊಟ್ಟು, ಬಾಗಿಲನ್ನೇ ನೋಡಿಕೊಂಡು ಕೂತೆ. ಫ್ಯಾನಿನ ಬುಡಕ್ಕಿಂತ ಸುರಕ್ಷಿತ ಜಾಗ ಕೋಣೆಯಲ್ಲಿ ಬೇರೆ ಇಲ್ಲ ಎಂಬುದು ನನ್ನ ಲೆಕ್ಕಾಚಾರ.

ಕಾಳಣ್ಣ ಫ್ಯಾನನ್ನು ಎರಡು ದಿನ ಓರೆಗಣ್ಣಿನಿಂದ ನೋಡಿದ. ಮೂರನೆಯ ದಿನ ಬಾಯಿಬಿಟ್ಟ. "ಲೋ ನಂಜುಂಡ, ಇದು ಒಗೆ ಎಳೀತದೋ ಚಿನ್ನ ಎಳೀತದೋ? ಹಿಂದ್ಗಡೆ ಚರಂಡಿ ಅದೆ. ಇನ್ನೊಂದ್ ವರ್ಷಕ್ಕೆ ಆ ಚರಂಡಿ ಊರಿಗೇ ಸಾವ್ಕಾರ ಆಯ್ತದೆ ಬುಡು."

ಅವನು ತಮಾಷೆಗೆ ಅಂದ. ನಾನು ಮಧ್ಯಾಹ್ನದ ಊಟ ಬಿಟ್ಟು ಯೋಚಿಸಿದೆ. ಆಮೇಲೆ ಹಳೆಯ ಪಂಚೆಯೊಂದನ್ನು ಹರಿದು, ನಾಲ್ಕು ಪದರ ಮಡಿಸಿ, ಫ್ಯಾನಿನ ಬಾಯಿಗೆ ಬಿಗಿದು, ಹುರಿಯಿಂದ ಎರಡು ಗಂಟು ಹಾಕಿದೆ. ಗಾಳಿ ಹೋಗಲಿ, ಚಿನ್ನ ನಿಲ್ಲಲಿ. ಫ್ಯಾನು ಗುಂಯ್ ಎನ್ನುತ್ತಲೇ ಇತ್ತು. ಹೆದರುಪುಕ್ಕಲನಿಗೆ ಸದ್ದೇ ಸಾಕು, ಕೆಲಸ ಆಗುತ್ತಿದೆಯೇ ಎಂದು ನೋಡುವುದಿಲ್ಲ. ಕೆಲವು ತಿಂಗಳಲ್ಲಿ ಬಟ್ಟೆ ಕಪ್ಪಗೆ ಮೇಣದ ಹಾಗಾಯಿತು. "ನೋಡು, ಎಷ್ಟು ಹಿಡಿದಿದೆ," ಎಂದು ಕಾಳಣ್ಣನಿಗೆ ತೋರಿಸಿ ಬೀಗಿದೆ. ಅವನು ತಲೆದೂಗಿದ. ಇಬ್ಬರು ಅನುಭವಸ್ಥರು ಒಂದೇ ತಪ್ಪನ್ನು ಒಪ್ಪಿಕೊಂಡರೆ ಅದು ಶಾಸ್ತ್ರವಾಗುತ್ತದೆ.

ಮೊದಲು ಗಂಟಲು ಕೆರೆತ. ಆಮೇಲೆ ಸಂಜೆಯಾಗುತ್ತಲೇ ಮೈ ನಡುಕ, ಬಿಸಿಲಿನಲ್ಲೂ ಚಳಿ, ಬಾಯಲ್ಲಿ ಲೋಹದ ರುಚಿ. ಕಾಫಿ ಕುಡಿದರೂ ತಾಮ್ರ, ಮಜ್ಜಿಗೆ ಕುಡಿದರೂ ತಾಮ್ರ. ಆಮೇಲೆ ಕೆಮ್ಮು. ಕೊನೆಗೊಂದು ದಿನ ಮನೆಯ ಮಹಡಿ ಮೆಟ್ಟಿಲು ಹತ್ತುವಾಗ ಆರನೆಯ ಮೆಟ್ಟಿಲಲ್ಲಿ ನಿಂತೆ. ಉಸಿರು ಒಳಗೆ ಹೋಗುತ್ತಿತ್ತು, ಹೊರಗೆ ಬರಲು ಯಾರದ್ದೋ ಅಪ್ಪಣೆ ಕಾಯುತ್ತಿತ್ತು.

ಉಸಿರು ನನಗೆ ಉಸಿರು ಮಾತ್ರವಲ್ಲ, ಕೆಲಸದ ಸಾಮಾನು. ಗ್ಯಾಸು ಬಂದರೂ ಕೂದಲೆಳೆಯಂಥ ಬೆಸುಗೆಗೆ ಈಗಲೂ ಊದುಗೊಳವೆಯೇ ಬೇಕು. ಹಿತ್ತಾಳೆಯ ಆ ಗೊಳವೆಯನ್ನು ಬಾಯಿಗಿಟ್ಟು, ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಮೂಗಿನಲ್ಲಿ ಎಳೆಯುತ್ತ ಬಾಯಲ್ಲಿ ಬಿಡುತ್ತ, ಉರಿ ಅಲುಗದಂತೆ ಊದುವುದು ನಮ್ಮಪ್ಪ ನನಗೆ ಕಲಿಸಿದ ಒಂದೇ ವಿದ್ಯೆ. ಆ ಊದು ಹೋದರೆ ನಾನೂ ಹೋದ ಹಾಗೆ. ಐವತ್ತೆರಡರ ಪ್ರಾಯದಲ್ಲಿ ಇನ್ನು ಯಾವ ಕೆಲಸಕ್ಕೆ ನನ್ನನ್ನು ಕರೆಯುತ್ತಾರೆ? ಮಾದೇಶನ ಫ್ಯಾಕ್ಟರಿಯ ಗೇಟಿನಲ್ಲಿ ಟೋಪಿ ಹಾಕಿಕೊಂಡು ಕೂತು, ಅವನ ಬೈಕು ಬಂದಾಗ ಎದ್ದು ನಿಲ್ಲುವ ಚಿತ್ರ ಕಣ್ಣಿಗೆ ಕಟ್ಟಿ, ಜ್ವರಕ್ಕಿಂತ ಹೆಚ್ಚು ನಡುಗಿದೆ.

ಊರಿನ ಡಾಕ್ಟರು ಮೂರು ಸಲ ಕೆಮ್ಮಿನ ಔಷಧಿ ಬರೆದರು, ನಾಲ್ಕನೆಯ ಸಲ ಕಫ ಪರೀಕ್ಷೆಗೆ ಬರೆದರು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೆಳಿಗ್ಗೆಯ ಕಫ ತೆಗೆದುಕೊಂಡು ಹೋಗಬೇಕು. ದಾರಿಯಲ್ಲಿ ಯಾರಾದರೂ ನೋಡಿ ಟಿ.ಬಿ. ಎಂದುಕೊಂಡರೆ ಎಂಬ ಭಯಕ್ಕೆ ಡಬ್ಬಿಯನ್ನು ಚೆನ್ನಾಗಿ ಸುತ್ತಿದೆ. ಲ್ಯಾಬಿನವನು ಮೇಲಿನ ಪರ್ಸಿನ ಜಿಪ್ಪು ತೆಗೆದ, ಒಳಗಿನ ಗುಲಾಬಿ ಕಾಗದ ಬಿಚ್ಚಿದ, ಅದರೊಳಗೆ ಇನ್ನೊಂದು ಗುಲಾಬಿ ಕಾಗದ ಬಿಚ್ಚಿದ.

"ಏನ್ ಸಾ ಇದು, ಓಲೆನಾ?" ಎಂದ.

ಕೈಗೆ ಗೊತ್ತಿರುವುದು ಒಂದೇ ಬಗೆಯ ಪೊಟ್ಟಣ. ಮುತ್ತಿನ ಓಲೆಯನ್ನು ಕಟ್ಟುವಂತೆ ಕಫವನ್ನು ಕಟ್ಟಿಕೊಂಡು ಹೋಗಿದ್ದೆ. ಟಿ.ಬಿ. ಇಲ್ಲ ಎಂದು ಬಂತು. ನನಗೆ ಸಂತೋಷವಾಗಲಿಲ್ಲ, ಟಿ.ಬಿ. ಅಲ್ಲದಿದ್ದರೆ ಅದಕ್ಕಿಂತ ದೊಡ್ಡದಿರಬೇಕು ಎಂದುಕೊಂಡೆ.

ಸಲಹೆ ಕೊಡುವವರ ಬಗ್ಗೆ ಎರಡು ಮಾತು. ಕಾಯಿಲೆಯವನ ಮನೆಗೆ ಜನ ಬರುವುದು ಅವನನ್ನು ನೋಡಲಲ್ಲ, ತಮಗೆ ಗೊತ್ತಿರುವ ಯಾರೋ ಹೇಗೆ ಸತ್ತರು ಎಂದು ಹೇಳಲು. ಒಬ್ಬರು ಕಷಾಯ ಎಂದರು. ಒಬ್ಬರು ನಶ್ಯ ಬಿಟ್ಟದ್ದೇ ತಪ್ಪು, ಮತ್ತೆ ಶುರು ಮಾಡು ಎಂದರು. ಶಾರದೆಯ ಕಡೆಯ ಒಬ್ಬ ಮಾವ, ತಲಕಾಡಿನ ಬಿಸಿ ಮರಳಿನಲ್ಲಿ ಎದೆಮಟ್ಟ ಹೂತುಕೊಂಡು ಕೂತರೆ ಶ್ವಾಸಕೋಶ ಹಿಂಡಿ ಹೊಸದಾಗುತ್ತದೆ ಎಂದರು. ನಾನು ಎಲ್ಲರನ್ನೂ ಮನಸ್ಸಿನಲ್ಲೇ ಉಗಿದೆ. ಬಾಯಲ್ಲಿ ಮಾತ್ರ ಒಬ್ಬನನ್ನೇ ಉಗಿಯುತ್ತಿದ್ದೆ. "ಫ್ಯಾನು ಹಾಕಿದ್ದಾನೆ ನಮ್ಮ ಭಾವಮೈದ. ಅದು ಗುಂಯ್ ಅನ್ನೋದು ಬಿಟ್ಟು ಇನ್ನೇನೂ ಮಾಡಲ್ಲ. ಫ್ಯಾಕ್ಟರಿಯ ಗುಜರಿ ತಂದು ನಮ್ಮ ಗೋಡೆಗೆ ಹೊಡೆದಿದ್ದಾನೆ." ಮದುವೆ ಮನೆಗಳಲ್ಲಿ ಹೇಳಿದೆ, ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ಹೇಳಿದೆ. ಮಾದೇಶನ ಕಿವಿಗೆ ಬಿದ್ದಿರಲೇಬೇಕು. ಅವನು ಮನೆಗೆ ಬರುವುದನ್ನು ಕಡಿಮೆ ಮಾಡಿದ.

ಊರಿನ ಡಾಕ್ಟರು ಮೈಸೂರಿಗೆ ಬರೆದುಕೊಟ್ಟರು, ಎದೆ ರೋಗದ ಡಾಕ್ಟರ ಹತ್ತಿರಕ್ಕೆ. ಅಲ್ಲಿಯ ಕಾಯುವ ಕೋಣೆಯಲ್ಲಿ ಗೋಡೆಯ ತುಂಬ ಶ್ವಾಸಕೋಶದ ಚಿತ್ರಗಳು, ಒಂದು ಗುಲಾಬಿ, ಪಕ್ಕದ್ದು ಕಪ್ಪು. ಎರಡು ಗಂಟೆ ಅವನ್ನೇ ನೋಡಿಕೊಂಡು ಕೂತರೆ ಆರೋಗ್ಯವಂತನಿಗೂ ಕೆಮ್ಮು ಬರುತ್ತದೆ. ನನ್ನ ಟೋಕನ್ ಮೂವತ್ತೊಂದು. ಪ್ರತಿ ಸಲ ನಂಬರು ಕೂಗಿದಾಗಲೂ ಎದ್ದು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದೆ, ತಪ್ಪಿಹೋದರೆ ಎಂಬ ಭಯ. ದೇವನೂರಿನಿಂದ ಗಂಡನನ್ನು ಕರೆತಂದಿದ್ದ ಒಬ್ಬ ಹೆಂಗಸು ನೋಡೀ ನೋಡೀ ಸಾಕಾಗಿ, ಕೈಚೀಲ ಸರಿಸಿ ಜಾಗ ಮಾಡಿದಳು.

"ಕೂತ್ಕಳಿ ಅಣ್ಣ. ನಿಂತ್ಕಂಡ್ರೆ ಬ್ಯಾಗ ಕರ್ದಾರಾ? ನಿಮ್ ನಂಬ್ರ ನಾನ್ ಕೇಳಿಸ್ಕತೀನಿ, ನೀವ್ ಉಸ್ರಾಡ್ಕಳಿ."

ಅವಳ ಗಂಡನ ಸ್ಥಿತಿ ನನಗಿಂತ ಎಷ್ಟೋ ಕಷ್ಟದ್ದು. ಆ ಇಡೀ ವರ್ಷದಲ್ಲಿ ನಾನು ಮನಸ್ಸಿನಲ್ಲಿ ಉಗಿಯದೆ ಬಿಟ್ಟ ಜೀವ ಅವಳೊಬ್ಬಳೇ. ಮೂವತ್ತೊಂದು ಎಂದಾಗ ಅವಳೇ ನನ್ನ ಭುಜ ತಟ್ಟಿದಳು.

ಡಾಕ್ಟರು ನಲವತ್ತರ ಹೆಂಗಸು, ಮಾತು ಚುಟುಕು.

"ಏನು ಕೆಲಸ?"

"ಚಿನ್ನದ ಕೆಲಸ ಮೇಡಂ."

"ಹೊಗೆ ಇರುತ್ತಾ?"

"ಇರುತ್ತೆ. ಎಕ್ಸಾಸ್ಟ್ ಫ್ಯಾನ್ ಇದೆ." ಆಗ ಮಾತ್ರ ನಾನು ಫ್ಯಾನನ್ನು ಬಿಟ್ಟುಕೊಡಲಿಲ್ಲ. ವಿದ್ಯಾವಂತರ ಮುಂದೆ ನಮ್ಮ ಕೋಣೆಗೂ ಒಂದು ಮರ್ಯಾದೆ ಇರಲಿ ಎಂದು.

"ಭಾನುವಾರ ಕಡಿಮೆ ಅನ್ನಿಸುತ್ತಾ?"

"ಇಲ್ಲ ಮೇಡಂ. ಭಾನುವಾರ ಇನ್ನೂ ಜಾಸ್ತಿ."

ಅವರು ಏನನ್ನೋ ಗೀಚಿ ಹೊಡೆದುಹಾಕಿದರು. ಆಮೇಲೆ ಪಾರಿವಾಳ ಸಾಕಿದ್ದೀರಾ, ಮನೆಯಲ್ಲಿ ಬೂಷ್ಟು ಇದೆಯಾ, ಬೀಡಿ ಸೇದುತ್ತಿದ್ದಿರಾ ಎಂದು ಕೇಳಿ ಊದುವ ಪರೀಕ್ಷೆಗೆ ಕಳಿಸಿದರು.

ಊದುವ ಪರೀಕ್ಷೆ ಎಂದಾಗ, ಹೇಳಲು ನಾಚಿಕೆ, ನನಗೆ ಒಳಗೊಳಗೇ ಖುಷಿಯಾಯಿತು. ಊದುವುದರಲ್ಲಿ ನನ್ನನ್ನು ಯಾರು ಮೀರಿಸುತ್ತಾರೆ. ಪರೀಕ್ಷೆ ಮಾಡುವ ಹುಡುಗಿ ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ರಟ್ಟಿನ ಗೊಳವೆ ಕೊಟ್ಟು, "ಪೂರ್ತಿ ಎಳ್ಕೊಂಡು ಜೋರಾಗಿ ಊದಿ," ಎಂದಳು. ನಾನು ಕೆನ್ನೆ ತುಂಬಿಕೊಂಡು, ಕಣ್ಣು ಅರೆಮುಚ್ಚಿ, ನೂಲಿನಂತೆ ಸಣ್ಣಗೆ, ಒಂದೇ ಸಮ ಊದಿದೆ. ಎದುರಿಗೆ ಉರಿ ಇದ್ದಿದ್ದರೆ ಸೂಜಿಮೊನೆಯ ಹಾಗೆ ನಿಲ್ಲುತ್ತಿತ್ತು.

ಅವಳು ಪರದೆ ನೋಡಿದಳು, ನನ್ನನ್ನು ನೋಡಿದಳು, ಮಿಷಿನ್ನಿನ ವೈರು ಅಲ್ಲಾಡಿಸಿದಳು. "ಇನ್ನೊಂದ್ಸಲ. ಜೋರಾಗಿ."

ಮತ್ತೂ ನಾಜೂಕಾಗಿ ಊದಿದೆ.

"ಅಂಕಲ್, ನೀವು ಊದ್ತಾ ಇದ್ದೀರಾ, ಸುಮ್ನೆ ಹಿಡ್ಕೊಂಡಿದ್ದೀರಾ?"

ನನ್ನ ಜೀವನದಲ್ಲಿ ಇಂಥ ಅವಮಾನ ಆಗಿರಲಿಲ್ಲ. ನಾಲ್ಕನೆಯ ಸಲಕ್ಕೆ ಅವಳು ಚೀಟಿ ತಿರುವಿ ಕೆಲಸ ಏನೆಂದು ನೋಡಿದಳು. "ಅಯ್ಯೋ, ಇಲ್ಲಿ ಚಿನ್ನ ಕರಗಿಸೋದೇನಿಲ್ಲ ಅಂಕಲ್. ಹುಟ್ಟುಹಬ್ಬದಲ್ಲಿ ಮಕ್ಕಳು ಕ್ಯಾಂಡಲ್ ಆರಿಸ್ತಾರಲ್ಲ, ಉಗುಳೆಲ್ಲ ಹಾರಿಸ್ಕೊಂಡು, ಹಂಗೆ ಊದಿ."

ಮಕ್ಕಳ ಹಾಗೆ ಊದಲು ಇಪ್ಪತ್ತೆಂಟು ವರ್ಷದ ಅಭ್ಯಾಸ ಬಿಡಲಿಲ್ಲ. ಏಳನೆಯ ಸಲ ಹೇಗೋ ಬಂತು, ಬಂದ ಮೇಲೆ ಐದು ನಿಮಿಷ ಕೆಮ್ಮಿದೆ. ಆದರೂ ಗೆರೆ ಮೇಲೇಳಲಿಲ್ಲ. ಕೆಟ್ಟ ಊದಿನ ನೆಪ ಮುಗಿದ ಮೇಲೆ ಉಳಿದದ್ದು ಕೆಟ್ಟ ಉಸಿರು. ಶ್ವಾಸನಾಳ ಕೆರಳಿ ಊದಿಕೊಂಡಿದೆ, ಕಾರಣ ಗೊತ್ತಾಗುತ್ತಿಲ್ಲ ಎಂದರು ಡಾಕ್ಟರು. ಇನ್‌ಹೇಲರ್ ಬರೆದರು. "ಮೂರು ತಿಂಗಳು ನೋಡೋಣ. ಹೀಗೇ ಇಳೀತಾ ಹೋದರೆ ಕೆಲಸ ಬಿಡಬೇಕಾಗುತ್ತೆ," ಎಂದರು. ಅಷ್ಟು ಸಲೀಸಾಗಿ, ಉಪ್ಪು ಕಡಿಮೆ ಮಾಡಿ ಎನ್ನುವವರ ಹಾಗೆ.

ಈ ನಡುವೆ ಇನ್ನೊಂದು ಚಿಕಿತ್ಸೆ ಶುರುವಾಗಿತ್ತು, ಅದು ನನ್ನ ಅತ್ತೆಯದು. ಟಿ. ನರಸೀಪುರದಲ್ಲಿ ಮಾದೇಶನ ಜೊತೆ ಇರುವ ಅತ್ತೆ, ಮಗಳ ಕೈಲಿ ಹೇಳಿಕಳಿಸಿದ್ದರು: ಅಳಿಯಂದಿರು ಐದು ಅಮಾವಾಸ್ಯೆ ಸಂಗಮದಲ್ಲಿ ಮೀಯಬೇಕು, ಹಿಂದಿನ ದಿನವೇ ಬರಬೇಕು, ಪಾಡ್ಯದ ದಿನ ಉಂಡುಕೊಂಡು ಹೊರಡಬೇಕು. ನಾನು ನಕ್ಕೆ. ತಣ್ಣೀರಿನಲ್ಲಿ ಮುಳುಗಿ ಉಸಿರು ಬರುವ ಹಾಗಿದ್ದರೆ ಮೀನುಗಳಿಗೆ ಆಸ್ತಮಾ ಬರುತ್ತಿರಲಿಲ್ಲ ಎಂದೆ. ಮೀನುಗಳಿಗೆ ಆಸ್ತಮಾ ಇಲ್ಲ ಎಂದು ಶಾರದೆ ತಿದ್ದಿದಳು. ಹೊರಟೆವು.

ಮೊದಲನೆಯ ಅಮಾವಾಸ್ಯೆಗೇ ಸೋತೆ. ಕಪಿಲೆ ಕಾವೇರಿ ಸೇರುವಲ್ಲಿ ಮುಳುಗಿ ಎದ್ದು, ಒದ್ದೆ ಪಂಚೆಯಲ್ಲಿ ಮೆಟ್ಟಿಲು ಹತ್ತಿ ಮೇಲೆ ಬಂದ ಮೇಲೆ ನೆನಪಾಯಿತು, ನಾನು ನಡುವೆ ಎಲ್ಲೂ ನಿಂತಿರಲಿಲ್ಲ. ಸಂಜೆ ಚಳಿ ಬರಲಿಲ್ಲ. ಕಾಫಿಯಲ್ಲಿ ಕಾಫಿಯ ರುಚಿ ಇತ್ತು. ಪಾಡ್ಯದ ದಿನ ಎರಡು ಮುದ್ದೆ ಉಂಡೆ. ನಂಜನಗೂಡಿಗೆ ಬಂದು ಕೆಲಸಕ್ಕೆ ಕೂತ ಎರಡನೆಯ ಸಂಜೆಗೆ ಮತ್ತೆ ನಡುಕ. ಎರಡನೆಯ ಅಮಾವಾಸ್ಯೆಗೂ ಹಾಗೇ, ಮೂರನೆಯದಕ್ಕೂ ಹಾಗೇ.

"ನಮ್ಮೂರ್ ನೀರ್ ಕನ ಅದು," ಎಂದು ಅತ್ತೆ ಪಕ್ಕದ ಮನೆಯವರನ್ನು ಕರೆಕರೆದು ನನ್ನನ್ನು ತೋರಿಸಿದರು. "ಮೈಸೂರ್ ಡಾಕ್ಟ್ರು ಕೈಲಿ ಆಗ್ನಿಲ್ಲ. ನೋಡಿ, ಎಂಗ್ ಉಸ್ರಾಡ್ತಾರೆ ಅಂತ."

ನಾನು ಅವರ ಜಗುಲಿಯಲ್ಲಿ ಕೂತು ನಾಲ್ಕು ಜನರ ಮುಂದೆ ಉಸಿರಾಡಿ ತೋರಿಸಿದೆ. ಎಂಥೆಂಥವರನ್ನೋ ಮೂಢರೆಂದು ಹಳಿದವನು, ಒಂದು ಬಾಟಲಿಯಲ್ಲಿ ಸಂಗಮದ ನೀರು ತುಂಬಿಸಿಕೊಂಡು ಬಂದು ಕೆಲಸದ ಕೋಣೆಯಲ್ಲಿ ದೇವರ ಪಟದ ಕೆಳಗೆ ಇಟ್ಟೆ. ಅದು ಅಲ್ಲಿ ಪಾಚಿಗಟ್ಟಿತು. ಕಾಯಿಲೆ ಹೆದರಿದವನನ್ನು ಯಾವ ಮಟ್ಟಕ್ಕೆ ತಂದು ನಿಲ್ಲಿಸುತ್ತದೆ ಎಂಬುದಕ್ಕೆ ಆ ಹಸಿರು ಬಾಟಲಿ ಸಾಕು.

ಮೂರು ತಿಂಗಳು ಮುಗಿದು ಮೈಸೂರಿಗೆ ಹೋಗುವಾಗ ಶಾರದೆಯೂ ಬಂದಳು. ಈ ಸಲ ಮಕ್ಕಳ ಹಾಗೆಯೇ ಊದಿದೆ, ಹುಡುಗಿ ಹೊಗಳಿದಳು, ಗೆರೆ ಮಾತ್ರ ಹಿಂದಿನದಕ್ಕಿಂತ ಕೆಳಗೆ ಬಂತು. ಡಾಕ್ಟರು ಕಾಗದ ನೋಡಿ ನಿಟ್ಟುಸಿರಿಟ್ಟು, "ಕೆಲಸದ ವಿಷಯ ಯೋಚನೆ ಮಾಡಿದ್ರಾ?" ಎಂದರು. ನನ್ನ ಕಣ್ಣ ಮುಂದೆ ಫ್ಯಾಕ್ಟರಿಯ ಗೇಟು ತೆರೆದುಕೊಂಡಿತು.

ಆಗ ಶಾರದೆ ಬಾಯಿಹಾಕಿದಳು. "ಅಮಾವಾಸ್ಯೆಗೆ ಮಾತ್ರ ಚೆನ್ನಾಗಿರ್ತಾರೆ ಮೇಡಂ."

ನಾನು ಅವಳ ಕಾಲು ತುಳಿದೆ. ಡಾಕ್ಟರ ಮುಂದೆ ಅಮಾವಾಸ್ಯೆ, ಹುಣ್ಣಿಮೆ ಎಂದರೆ ನಮ್ಮನ್ನು ಏನೆಂದುಕೊಳ್ಳುತ್ತಾರೆ. ಅವಳು ಕಾಲು ಎಳೆದುಕೊಂಡಳು, ಮಾತು ಎಳೆದುಕೊಳ್ಳಲಿಲ್ಲ. ಸಂಗಮದ ಸ್ನಾನ, ಎರಡು ಮುದ್ದೆ, ಎಲ್ಲ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಅಮಾವಾಸ್ಯೆ ದಿನ ಇವರು ಕೆಲಸ ಮಾಡಲ್ವಾ?"

"ಅಮಾವಾಸ್ಯೆಗೆ ಅಕ್ಕಸಾಲಿಗರು ಯಾರೂ ಸಾಮಾನು ಮುಟ್ಟಲ್ಲ ಮೇಡಂ. ಹಿಂದ್ಲಿಂದ್ಲೂ ಹಂಗೇ. ಈಗ ಊರಿಗೆ ಹೋಗೋದ್ರಿಂದ ಮೂರು ದಿನ ರಜಾ."

"ಭಾನುವಾರ?"

"ಭಾನುವಾರನೇ ಅಲ್ವಾ ಗಿರಾಕಿ ಬರೋದು. ಊಟಕ್ಕೂ ಮನೆಗೆ ಬರಲ್ಲ."

ಡಾಕ್ಟರು ನನ್ನ ಕಡೆ ತಿರುಗಿದರು. ಎಷ್ಟೋ ವರ್ಷದಿಂದ ನಾನು ಊರಿನವರನ್ನೆಲ್ಲ ನೋಡುತ್ತಿದ್ದ ಅದೇ ನೋಟದಲ್ಲಿ ನನ್ನನ್ನು ನೋಡಿದರು.

"ರಜೆಯಲ್ಲಿ ಕಡಿಮೆ ಆಗುತ್ತಾ ಅಂತ ಕೇಳಿದ್ದೆ ನಾನು."

"ಭಾನುವಾರ ಅಂತ ಕೇಳಿದ್ರಿ ಮೇಡಂ."

"ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡ್ತೀರಿ." ಪೆನ್ನು ಮತ್ತೆ ಕೈಗೆತ್ತಿಕೊಂಡು ಅವರೇ, "ತಪ್ಪು ನನ್ನದೂ ಇದೆ," ಎಂದರು. ಆ ಮಾತನ್ನು ಒಬ್ಬ ಡಾಕ್ಟರ ಬಾಯಿಂದ ನಾನು ಅದೊಂದೇ ಸಲ ಕೇಳಿದ್ದು. "ಕಾಯಿಲೆ ನಿಮ್ಮ ಕೋಣೆಯಲ್ಲಿದೆ. ಫ್ಯಾನ್ ಇದೆ ಅಂದ್ರಲ್ಲ, ಅದು ಎಳೀತಿದೆಯಾ?"

"ಸದ್ದು ಬರುತ್ತೆ."

"ಗೊತ್ತಿರೋರ ಕೈಲಿ ನೋಡಿಸಿ. ಅಲ್ಲಿವರೆಗೆ ಆ ಕೋಣೆಗೆ ಕಾಲಿಡಬೇಡಿ. ಸರಿಮಾಡಿಸಿ ಎರಡು ತಿಂಗಳು ಕೆಲಸ ಮಾಡಿ ಬನ್ನಿ. ಆಗಲೂ ಗೆರೆ ಏಳದಿದ್ದರೆ ಬೇರೆ ದಾರಿ ಇಲ್ಲ."

ಗೊತ್ತಿರುವವನು ನಮ್ಮ ಬಳಗದಲ್ಲಿ ಒಬ್ಬನೇ. ನಾನು ಫೋನು ಮಾಡಲಿಲ್ಲ, ಶಾರದೆ ಮಾಡಿದಳು. ಮಾರನೆಯ ದಿನ ಮಧ್ಯಾಹ್ನ, ಶಿಫ್ಟು ಮುಗಿಸಿಕೊಂಡು ಮಾದೇಶ ಬಂದ. ನನ್ನ ಮುಖ ನೋಡಲಿಲ್ಲ, ನೇರ ಫ್ಯಾನನ್ನೂ ನೋಡಲಿಲ್ಲ. "ಭಾವ, ದಿನಾ ಕೂತ್ಕಳಂಗೆ ಕೂತ್ಕಳಿ. ಒಂದ್ ಗಳಿಗೆ ಅಷ್ಟೆ," ಎಂದ. ಮೂಗಿಗೆ ಕರವಸ್ತ್ರ ಹಿಡಿದು ಫ್ಯಾನಿನ ಕೆಳಗೆ ಬಾಗಿಲಿಗೆ ಮುಖ ಮಾಡಿ ಕೂತೆ. ಕಾಳಣ್ಣ ತನ್ನ ಜಾಗದಲ್ಲಿ ಎಲೆಅಡಿಕೆ ಹಾಕಿಕೊಂಡು ನಾಟಕ ನೋಡುವವನಂತೆ ಕೂತ. ಮಾದೇಶ ದೇವರ ಪಟದ ಹತ್ತಿರ ಹೋಗಿ, ನನ್ನದೇ ಪೊಟ್ಟಣದಿಂದ ಎರಡು ಊದುಬತ್ತಿ ತೆಗೆದು ಹಚ್ಚಿ, ಆರಿದ ಅಗ್ಗಿಷ್ಟಿಕೆಯ ಬೂದಿಯಲ್ಲಿ ಚುಚ್ಚಿದ. ಫ್ಯಾನು ಹಾಕಿದ.

ಫ್ಯಾನು ಗುಂಯ್ ಎಂದಿತು. ಊದುಬತ್ತಿಯ ಹೊಗೆ ನೆಟ್ಟಗೆ ಎದ್ದಿತ್ತು, ಮೆಲ್ಲಗೆ ನನ್ನ ಕಡೆ ಬಾಗಿತು. ಎದೆಗೆ ಬಂತು, ಗದ್ದ ಸವರಿತು, ಕರವಸ್ತ್ರದ ಮುಂದಿನಿಂದ ಹಾದು ಹಣೆಗೆ ಏರಿತು, ತಲೆಯ ಮೇಲೆ ಫ್ಯಾನಿನವರೆಗೆ ಹೋಯಿತು. ಅಲ್ಲಿ ಬಟ್ಟೆಗೆ ತಾಗಿ, ಹರಡಿ, ಗೋಡೆಯ ಗುಂಟ ಇಳಿದು, ನನ್ನ ಬೆನ್ನ ಹಿಂದಿನಿಂದ ಸುತ್ತಿಕೊಂಡು ಮತ್ತೆ ಮುಖಕ್ಕೇ ಬಂತು. ಕಾಳಣ್ಣನ ಕಡೆಗೆ ಒಂದೆಳೆಯೂ ಹೋಗಲಿಲ್ಲ. ಯಾವ ಮುಂಜಾಗ್ರತೆಯೂ ಇಲ್ಲದ ಆ ಮನುಷ್ಯ ಬಾಗಿಲ ಗಾಳಿಯಲ್ಲಿ ನೆಮ್ಮದಿಯಾಗಿ ಎಲೆ ಅಗಿಯುತ್ತಿದ್ದ.

ದಿನಾ ಬೆಳಿಗ್ಗೆ ಅದೇ ಊದುಬತ್ತಿ ಹಚ್ಚಿ, ಏನೂ ಕೆಡದಿರಲಿ ಎಂದು ಕಣ್ಣು ಮುಚ್ಚಿ ಕೈಮುಗಿಯುತ್ತಿದ್ದೆ. ಒಂದು ದಿನ ಕಣ್ಣು ಬಿಟ್ಟುಕೊಂಡು ಕೈಮುಗಿದಿದ್ದರೆ ಸಾಕಿತ್ತು.

ಮಾದೇಶ ಸ್ಟೂಲು ಹತ್ತಿದ. "ಭಾವ, ಇದ್ ಯಾರ್ ಕಟ್ಟುದ್ದು?"

ಕಾಳಣ್ಣ ನನ್ನನ್ನು ನೋಡಿದ. ನಾನು ಊದುಬತ್ತಿಯನ್ನು ನೋಡಿದೆ.

"ನಾನೇ," ಎಂದೆ.

ಗಂಟು ಬಿಚ್ಚಲು ನೋಡಿದ, ಆಗಲಿಲ್ಲ. ಕಟಿಂಗ್ ಪ್ಲೇಯರಿನಿಂದ ಕತ್ತರಿಸಿದ. ಕಪ್ಪು ಹಪ್ಪಳದಂತಾಗಿದ್ದ ಬಟ್ಟೆ ಕೈಗೆ ಬಂತು. ಫ್ಯಾನು ಒಮ್ಮೆಲೇ ಬೇರೆ ದನಿಯಲ್ಲಿ ಉಸಿರಾಡಿತು. ಅವನು ಬೈಯಬಹುದಿತ್ತು. ಒಂದು ವರ್ಷ ನಾನು ಅವನನ್ನು ಊರೆಲ್ಲ ಬೈದಿದ್ದೇನೆ, ಅವನಿಗೆ ಹಕ್ಕಿತ್ತು. ನಾನೂ ಕಾದೆ. ಅವನು ಬಟ್ಟೆಯನ್ನು ಅಂಚಿಗೆ ಅಂಚು ಸೇರಿಸಿ ಮಡಿಸಿ, ಎರಡೂ ಕೈಯಲ್ಲಿ ನನಗೆ ಕೊಟ್ಟ.

"ಇಟ್ಕಳಿ ಭಾವ. ಚಿನ್ನ ಅದೆ ಇದ್ರಲ್ಲಿ."

ಆ ಮಾತಿಗೆ ಇನ್‌ಹೇಲರ್ ಇಲ್ಲ.

ನಾಲ್ಕು ದಿನ ರಜೆ ಹಾಕಿ ಅವನೇ ಎಲ್ಲ ಮಾಡಿದ. ಅಗ್ಗಿಷ್ಟಿಕೆ ಗೋಡೆಗೆ ಒತ್ತಿತು, ಅದರ ಮೇಲೆ ತಗಡಿನ ಗೂಡು ಬಂತು, ಗೂಡಿನಿಂದ ಫ್ಯಾನಿಗೆ ಕೊಳವೆ ಬಂತು. ಆಸಿಡ್ಡಿಗೆ ಬೇರೆ ಮೂಲೆ, ಅಲ್ಲಿ ಇನ್ನೊಂದು ಸಣ್ಣ ಫ್ಯಾನು. ಕಿಟಕಿ ತೆಗೆಯಲು ಸುತ್ತಿಗೆ ಬೇಕಾಯಿತು. ಅರ ಹಾಕಲು, ಪುಡಿ ಹಾರದಂತೆ, ಗಾಳಿ ತಾಗದ ಕಡೆ ಒಂದು ಪೆಟ್ಟಿಗೆ ಮೇಜು. ಎರಡು ಕೆಲಸವನ್ನು ಎರಡು ಕಡೆ ಮಾಡಬಹುದು ಎಂಬುದು ತಲೆತಲಾಂತರದಿಂದ ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ಬಾಗಿಲಿಗೆ ಬೆನ್ನು ಹಾಕಲು ನಾನು ಒದ್ದಾಡಿದ್ದನ್ನು ನೋಡಿ, ಅವನು ಗೋಡೆಗೆ ಸ್ಕೂಟರಿನ ಕನ್ನಡಿ ಒಂದನ್ನು ಬಡಿದ. "ಕಳ್ಳ ಬಂದ್ರೆ ಇದ್ರಲ್ ಕಾಣ್ತನೆ. ನಮ್ ಫ್ಯಾಕ್ಟರೀಲೂ ಇಂಗೇ," ಎಂದ. ಆ ಫ್ಯಾಕ್ಟರಿಯ ಹೆಸರು ಕೇಳಿ ಮೊದಲ ಸಲ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಪೂರ್ತಿ ಹೋಯಿತು ಎಂದರೆ ಸುಳ್ಳಾಗುತ್ತದೆ.

ಎರಡು ತಿಂಗಳಾದ ಮೇಲೆ ಮೈಸೂರಿನಲ್ಲಿ ಮತ್ತೆ ಊದಿದೆ. ಉಗುಳು ಹಾರಿಸಿಕೊಂಡು ಊದಿದೆ. ಹುಡುಗಿ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಗೆರೆ ಎದ್ದಿತ್ತು. ಗುಡ್ಡದಷ್ಟಲ್ಲ, ದಿಣ್ಣೆಯಷ್ಟು. "ಮೊದಲಿನ ಹಾಗೆ ಆಗಲ್ಲ," ಎಂದರು ಡಾಕ್ಟರು, "ಕೆಲಸ ಬಿಡಬೇಕಾಗಿಯೂ ಇಲ್ಲ." ದಿನಕ್ಕೆ ಎರಡು ಸಲ ಇನ್‌ಹೇಲರ್ ಎಳೆಯುತ್ತೇನೆ. ಊದುಗೊಳವೆ ಹಿಡಿಯುತ್ತೇನೆ, ಮೊದಲಿನಷ್ಟು ಹೊತ್ತು ಆಗುವುದಿಲ್ಲ, ನಡುವೆ ನಿಲ್ಲಿಸಿ ಕನ್ನಡಿಯಲ್ಲಿ ಬಾಗಿಲು ನೋಡುತ್ತೇನೆ. ಅಮಾವಾಸ್ಯೆಗೆ ಸಂಗಮಕ್ಕೂ ಹೋಗುತ್ತೇವೆ. ವಾಸಿಯಾದದ್ದು ತಮ್ಮೂರಿನ ನೀರಿನಿಂದ ಎಂದು ಅತ್ತೆ ಈಗಲೂ ಹೇಳುತ್ತಾರೆ, ನಾನು ತಲೆದೂಗುತ್ತೇನೆ, ಮಾದೇಶ ಒಳಗೆ ಹೋಗಿ ನಗುತ್ತಾನೆ.

ಆ ಬಟ್ಟೆಯನ್ನು ಕಾಳಣ್ಣ ಹಿತ್ತಿಲಿನಲ್ಲಿ ಸುಟ್ಟ. ನಾನು ಗಾಳಿಯ ದಿಕ್ಕು ನೋಡಿಕೊಂಡು ದೂರ ನಿಂತಿದ್ದೆ. ಬೂದಿಯನ್ನು ತೊಳೆದು, ಬಿಳಿಗಾರ ಹಾಕಿ ಕರಗಿಸಿ, ತಣಿಸಿ, ಗುಲಾಬಿ ಕಾಗದದಲ್ಲಿ ಮಡಿಸಿ ಕೊಟ್ಟ. ಮನೆಗೆ ತಂದು ಶಾರದೆಗೆ ತೋರಿಸಿದೆ. ಅವಳು ಕಾಗದ ಬಿಡಿಸಿ ನೋಡಿದಳು, ಕನ್ನಡಕ ತಂದು ಹಾಕಿಕೊಂಡು ಮತ್ತೆ ನೋಡಿದಳು.

"ಎಲ್ಲದೆ ರೀ?" ಎಂದಳು.

ಇವತ್ತೂ ಬೆಳಿಗ್ಗೆ ಬೀಗ ತೆಗೆಯುವಾಗ ಪಟ್ಟಿ ಓಡಿತು. ಸಿಲಿಂಡರ್ ಸಿಡಿದಿಲ್ಲ. ಆಸಿಡ್ ಚೆಲ್ಲಿಲ್ಲ. ಕಪಿಲೆ ನಮ್ಮ ಬೀದಿಗೆ ಬಂದಿಲ್ಲ. ಬುಗುಡಿ ಕರಗಿಲ್ಲ, ಜೀಪು ಬಂದಿಲ್ಲ, ಬೋಂಡಾ ಅಂಗಡಿಯವನು ಎಣ್ಣೆ ಬದಲಾಯಿಸದಿದ್ದರೂ ಬೆಂಕಿ ಬಿದ್ದಿಲ್ಲ. ಸಕ್ಕರೆ ಸರಿಯಾಗಿದೆ, ಹೃದಯ ನಡೆಯುತ್ತಿದೆ, ಫೋನಿನಲ್ಲಿ ಚಾರ್ಜು ಇದೆ. ಇಷ್ಟು ವರ್ಷದಲ್ಲಿ ಕೆಟ್ಟದ್ದು ಒಂದೇ: ಒಂದು ಹಳೆಯ ಪಂಚೆಯ ತುಂಡಿಗೆ ನಾನು ಹಾಕಿದ ಎರಡು ಗಂಟು.